ಸಭೆಯಿಂದ ಬಂದ ಪ್ರಶ್ನೆಗಳು

ನಾನು ಹುಟ್ಟಿ ಬೆಳೆದದ್ದು ಅಂಕೋಲಾ ತಾಲೂಕಿನ ಒಂದು ಹಳ್ಳಿಯಲ್ಲಿ. ಸಮಾಜಕಾರ್ಯದಲ್ಲಿ ಸ್ನಾತಕೋತ್ತರ ಪದವಿ ಮುಗಿಸಿ, ಕೆಲವು ವರ್ಷ ಆರೋಗ್ಯ ಯೋಜನೆಗಳಲ್ಲಿ ದುಡಿದ ಮೇಲೆ, 2018ರಿಂದ 2023ರವರೆಗೆ ಉತ್ತರ ಕನ್ನಡ ಜಿಲ್ಲೆಯ ಕಚೇರಿಗಳಲ್ಲಿ, ಸಹಕಾರಿ ಸಂಘಗಳಲ್ಲಿ, ಶಿಕ್ಷಕರ ಮತ್ತು ಆರೋಗ್ಯ ಸಿಬ್ಬಂದಿಯ ಸಭೆಗಳಲ್ಲಿ ಲಿಂಗತ್ವ ಗುರುತಿನ ಕುರಿತು ತರಬೇತಿ ನಡೆಸಿದ್ದೇನೆ. ನಾನೂ ಟ್ರಾನ್ಸ್‌ಜೆಂಡರ್ ಮಹಿಳೆಯೇ ಆಗಿರುವುದರಿಂದ ವಿಷಯದ ಬಗ್ಗೆ ಕೇಳಿದ ಪ್ರಶ್ನೆ ಎಷ್ಟೋ ಸಲ ನೇರವಾಗಿ ನನ್ನ ಮೈಮೇಲೆಯೇ ಬಂದು ಬೀಳುತ್ತಿತ್ತು. ಉಪನ್ಯಾಸವನ್ನು ಸಿದ್ಧಪಡಿಸಲು ನನಗೆ ಒಂದು ವಾರ ಸಾಕಾಗಿತ್ತು. ಅದು ಮುಗಿದ ನಂತರದ ಅರ್ಧ ಗಂಟೆಯನ್ನು ನಿಭಾಯಿಸಲು ಕಲಿಯುವುದಕ್ಕೆ ಆ ಐದೂ ವರ್ಷಗಳು ಬೇಕಾದವು.

ಮೊದಲ ಪೆಟ್ಟು ಬಿದ್ದದ್ದು ಕಾರವಾರದಲ್ಲಿ, 2018ರ ಡಿಸೆಂಬರ್‌ನಲ್ಲಿ. ಸುಮಾರು ಅರವತ್ತು ಸಿಬ್ಬಂದಿ ಕುಳಿತಿದ್ದ ಸಭಾಂಗಣದಲ್ಲಿ ನಾನು ಮಾತು ಮುಗಿಸಿ ‘ಪ್ರಶ್ನೆಗಳಿದ್ದರೆ ಕೇಳಬಹುದು’ ಎಂದೆ. ಮೂರನೆಯ ಸಾಲಿನಿಂದ ಒಬ್ಬರು ಎದ್ದು, ಕೈಗೆ ಕೊಟ್ಟ ಮೈಕನ್ನು ಬಾಯಿಗೆ ತೀರ ಹತ್ತಿರ ಹಿಡಿದುಕೊಂಡು, ‘ಮೇಡಂ, ತಪ್ಪು ತಿಳಿಯಬೇಡಿ, ನಿಮಗೆ ಆಪರೇಷನ್ ಆಗಿದೆಯೇ?’ ಎಂದು ಕೇಳಿದರು. ಯಾರೂ ನಗಲಿಲ್ಲ. ಫ್ಯಾನಿನ ಸದ್ದು ಮಾತ್ರ ಕೇಳಿಸುತ್ತಿತ್ತು. ಪ್ರಾಮಾಣಿಕವಾಗಿರಬೇಕು, ಮುಚ್ಚಿಟ್ಟರೆ ಅವರ ಅನುಮಾನ ಇನ್ನಷ್ಟು ಬೆಳೆಯುತ್ತದೆ ಎಂದು ಭಾವಿಸಿದ ನಾನು ಆಸ್ಪತ್ರೆ, ಹಾರ್ಮೋನ್ ಔಷಧ, ಖರ್ಚು, ನೋವು ಎಲ್ಲವನ್ನೂ ಹತ್ತು ನಿಮಿಷಗಳ ಕಾಲ ಬಿಡಿಸಿ ಹೇಳಿದೆ. ನಂತರ ಇನ್ನಾವ ಪ್ರಶ್ನೆಯೂ ಬರಲಿಲ್ಲ. ಮೂರು ವಾರಗಳ ಬಳಿಕ ಒಬ್ಬ ಗೆಳತಿಯ ಅರ್ಜಿಯ ಸಲುವಾಗಿ ಅದೇ ಕಚೇರಿಗೆ ಹೋದಾಗ, ಬಾಗಿಲಲ್ಲಿದ್ದವರು ಒಳಗೆ ತಿರುಗಿ ‘ಆವತ್ತಿನ ಆಪರೇಷನ್ ಆದವರು ಬಂದಿದ್ದಾರೆ’ ಎಂದು ಕೂಗಿ ಹೇಳಿದರು. ಎರಡು ಗಂಟೆ ಕಾಲ ನಾನು ಹೇಳಿದ ಕಾನೂನು, ಕಚೇರಿಯ ನಡವಳಿಕೆ, ಅರ್ಜಿ ತೆಗೆದುಕೊಳ್ಳುವ ಕ್ರಮ ಇವುಗಳಲ್ಲಿ ಒಂದೂ ಅಲ್ಲಿ ಉಳಿದಿರಲಿಲ್ಲ.

ಆ ದಿನದಿಂದ ಉಪನ್ಯಾಸದ ಆರಂಭದಲ್ಲೇ ಒಂದು ಮಾತನ್ನು ಹೇಳಿಬಿಡುವ ಅಭ್ಯಾಸ ಮಾಡಿಕೊಂಡೆ: ನಿಮ್ಮ ಕೆಲಸದಲ್ಲಿ ಎದುರಾಗುವ ಯಾವ ಪ್ರಶ್ನೆಯನ್ನಾದರೂ, ಎಷ್ಟೇ ಮುಜುಗರದ್ದಾದರೂ, ಕೇಳಿ, ನನ್ನ ದೇಹದ ಬಗ್ಗೆ ಮಾತ್ರ ನಾನು ಉತ್ತರಿಸುವುದಿಲ್ಲ. ಇದನ್ನು ಮೊದಲೇ ಹೇಳುವುದು ಮುಖ್ಯ. ಪ್ರಶ್ನೆ ಬಂದ ಮೇಲೆ ಹೇಳಿದರೆ ಕೇಳಿದವರಿಗೆ ಎಲ್ಲರೆದುರು ಮುಖಭಂಗವಾಗುತ್ತದೆ, ಮತ್ತು ಮುಖಭಂಗವಾದವರು ಮುಂದಿನ ಯಾವ ಮಾತನ್ನೂ ಕೇಳಿಸಿಕೊಳ್ಳುವುದಿಲ್ಲ. ಆದರೂ ಆಪರೇಷನ್ನಿನ ಪ್ರಶ್ನೆ ಬಂದೇ ಬರುತ್ತಿತ್ತು. ಆಗ ನಾನು ಕೇಳುತ್ತಿದ್ದುದು ಇಷ್ಟೇ: ‘ಇದನ್ನು ತಿಳಿದುಕೊಂಡರೆ ನಿಮ್ಮ ಮೇಜಿನ ಮೇಲಿನ ಯಾವ ಕೆಲಸ ಸುಲಭವಾಗುತ್ತದೆ?’ ಒಮ್ಮೆ ಒಬ್ಬ ಗುಮಾಸ್ತರು ಇದಕ್ಕೆ ಸರಿಯಾದ ಉತ್ತರವನ್ನೇ ಕೊಟ್ಟರು. ದಾಖಲೆಯಲ್ಲಿ ಲಿಂಗ ಬದಲಿಸಲು ಬಂದವರಿಂದ ವೈದ್ಯರ ಪತ್ರ ಕೇಳಬೇಕೋ ಬೇಡವೋ ಎಂಬುದು ತಮಗೆ ಗೊತ್ತಿಲ್ಲ ಎಂದರು. ಅವರ ಕುತೂಹಲದ ಕೆಳಗೆ ನಿಜವಾದ ಕಚೇರಿಯ ತೊಡಕೊಂದಿತ್ತು. ಗುರುತನ್ನು ಒಪ್ಪಲು ಶಸ್ತ್ರಚಿಕಿತ್ಸೆಯನ್ನು ಕಡ್ಡಾಯ ಮಾಡುವುದು ಸರಿಯಲ್ಲವೆಂದು ಸುಪ್ರೀಂ ಕೋರ್ಟ್ 2014ರ ಏಪ್ರಿಲ್ 15ರಂದು ರಾಷ್ಟ್ರೀಯ ಕಾನೂನು ಸೇವೆಗಳ ಪ್ರಾಧಿಕಾರದ (ನಾಲ್ಸಾ) ಪ್ರಕರಣದ ತೀರ್ಪಿನಲ್ಲಿ ಹೇಳಿದ್ದನ್ನೂ, ಟ್ರಾನ್ಸ್‌ಜೆಂಡರ್ ವ್ಯಕ್ತಿಗಳ ಹಕ್ಕುಗಳ ರಕ್ಷಣೆಗಾಗಿ ಮಾಡಿದ 2019ರ ಕಾಯ್ದೆಯಡಿ ಬಂದ 2020ರ ನಿಯಮಗಳಲ್ಲಿ ಅರ್ಜಿ ಮತ್ತು ಅರ್ಜಿದಾರರೇ ಪ್ರಮಾಣ ಮಾಡಿ ಕೊಡುವ ಅಫಿಡವಿಟ್‌ನ ಆಧಾರದ ಮೇಲೆ, ವೈದ್ಯಕೀಯ ತಪಾಸಣೆಯಿಲ್ಲದೆ, ಜಿಲ್ಲಾಧಿಕಾರಿ 30 ದಿನಗಳೊಳಗೆ ಗುರುತಿನ ಪ್ರಮಾಣಪತ್ರ ಕೊಡುವ ವ್ಯವಸ್ಥೆ ಇದ್ದುದನ್ನೂ, ಶಸ್ತ್ರಚಿಕಿತ್ಸೆಯ ನಂತರ ಗಂಡು ಅಥವಾ ಹೆಣ್ಣು ಎಂದು ತಿದ್ದಿಸಿಕೊಳ್ಳಲು ಬರುವವರಿಗಷ್ಟೇ ಆಸ್ಪತ್ರೆಯ ಪತ್ರ ಬೇಕಾಗಿದ್ದುದನ್ನೂ ನಾನು ವಿವರಿಸಿದಾಗ, ಅವರು ಕೈಯಲ್ಲಿದ್ದ ಆಮಂತ್ರಣದ ಹಿಂಬದಿಯಲ್ಲಿ ಅದನ್ನು ಬರೆದುಕೊಂಡರು.

‘ಇದೊಂದು ಕಾಯಿಲೆಯಲ್ಲವೇ?’ ಎಂಬ ಪ್ರಶ್ನೆ ಆರೋಗ್ಯ ಸಿಬ್ಬಂದಿಯ ಸಭೆಗಳಲ್ಲಿ ಹೆಚ್ಚು. ಇದಕ್ಕೆ ಭಾವುಕವಾಗಿ ಉತ್ತರಿಸಬಾರದು. ಅವರ ಶಾಸ್ತ್ರದ ಮಾತನ್ನು ಅವರ ಶಾಸ್ತ್ರದಿಂದಲೇ ಹೇಳಬೇಕು. ವಿಶ್ವ ಆರೋಗ್ಯ ಸಂಸ್ಥೆಯ ರೋಗ ವರ್ಗೀಕರಣದ ಹನ್ನೊಂದನೆಯ ಆವೃತ್ತಿಗೆ 2019ರಲ್ಲಿ ಒಪ್ಪಿಗೆ ದೊರೆತು 2022ರ ಜನವರಿಯಿಂದ ಅದು ಜಾರಿಗೆ ಬಂದಿತು, ಮತ್ತು ಈ ವಿಷಯವನ್ನು ಮಾನಸಿಕ ಕಾಯಿಲೆಗಳ ಅಧ್ಯಾಯದಿಂದ ಅದರಲ್ಲಿ ಹೊರಗಿಡಲಾಯಿತು. ‘ಸರಿಪಡಿಸುತ್ತೇವೆ’ ಎಂದು ಕೊಡುವ ಚಿಕಿತ್ಸೆಯನ್ನು ನಮ್ಮ ರಾಷ್ಟ್ರೀಯ ವೈದ್ಯಕೀಯ ಆಯೋಗವೂ 2022ರಲ್ಲಿ ವೃತ್ತಿ ದುರ್ನಡತೆ ಎಂದು ಘೋಷಿಸಿತು. ಇಷ್ಟು ಹೇಳಿದರೆ ಸಾಕಾಗುತ್ತಿತ್ತು.

ರೈಲಿನ ಪ್ರಶ್ನೆ ಬೇರೆ ಬಗೆಯದು. ಕೊಂಕಣ ರೈಲಿನಲ್ಲಿ ಓಡಾಡುವವರು ನಮ್ಮಲ್ಲಿ ಬಹಳ. ‘ಚಪ್ಪಾಳೆ ತಟ್ಟಿ ಹಣ ಕೇಳುತ್ತಾರಲ್ಲ, ಕೊಡದಿದ್ದರೆ ಬೈಯುತ್ತಾರಲ್ಲ, ಅದಕ್ಕೇನು ಹೇಳುತ್ತೀರಿ?’ ಎಂದು ಯಾರಾದರೂ ಕೇಳಿಯೇ ಕೇಳುತ್ತಿದ್ದರು. ಹಾಗೆ ನಡೆಯುವುದಿಲ್ಲವೆಂದು ವಾದಿಸಲು ನಾನು ಎಂದೂ ಹೋಗಲಿಲ್ಲ. ಬೈಗುಳ ತಿಂದವರ ಸಿಟ್ಟು ನಿಜವಾದದ್ದು. ಅದನ್ನು ಒಪ್ಪಿಕೊಂಡ ನಂತರ, ಈ ಸಭೆಯಲ್ಲಿರುವ ಯಾವ ಸಂಸ್ಥೆಯಲ್ಲಾದರೂ ಒಬ್ಬ ಟ್ರಾನ್ಸ್‌ಜೆಂಡರ್ ವ್ಯಕ್ತಿ ಸಂಬಳಕ್ಕಿದ್ದಾರೆಯೇ ಎಂದು ಕೇಳುತ್ತಿದ್ದೆ. ಐದು ವರ್ಷಗಳಲ್ಲಿ ಒಂದು ಕೈಯೂ ಮೇಲೇಳಲಿಲ್ಲ. ಕರ್ನಾಟಕ ಸರ್ಕಾರ 2021ರಲ್ಲಿ ತನ್ನ ನೇಮಕಾತಿ ನಿಯಮಗಳನ್ನು ತಿದ್ದಿ ಎಲ್ಲ ಪ್ರವರ್ಗಗಳಲ್ಲೂ ಟ್ರಾನ್ಸ್‌ಜೆಂಡರ್ ಅಭ್ಯರ್ಥಿಗಳಿಗೆ ಶೇ. 1ರಷ್ಟು ಮೀಸಲಾತಿ ಕೊಟ್ಟಿರುವ ಸಂಗತಿಯೂ ಹೆಚ್ಚಿನವರಿಗೆ ಗೊತ್ತಿರಲಿಲ್ಲ. ಇದನ್ನು ಹೇಳುವಾಗ ದನಿ ಏರಿಸದಿರಲು ನಾನು ಪ್ರತಿ ಸಲವೂ ಪ್ರಯತ್ನಪಡಬೇಕಾಗುತ್ತಿತ್ತು.

ನಮ್ಮ ಜಿಲ್ಲೆಯಲ್ಲಲ್ಲದೆ ಬೇರೆಡೆ ಬಹುಶಃ ಯಾರೂ ಕೇಳದ ಪ್ರಶ್ನೆಯೊಂದು ಹೊನ್ನಾವರದ ಸಭೆಯಲ್ಲಿ ಬಂದಿತು. ನಿವೃತ್ತಿಗೆ ಹತ್ತಿರವಾಗಿದ್ದ ಅಧಿಕಾರಿಯೊಬ್ಬರು ಹವ್ಯಾಸಿ ಯಕ್ಷಗಾನ ಕಲಾವಿದರು. ಅವರು ಎದ್ದು ನಿಂತು, ‘ನಾನೂ ಮೂವತ್ತು ವರ್ಷ ಸ್ತ್ರೀವೇಷ ಮಾಡಿದ್ದೇನೆ. ಆಟ ಮುಗಿದು ಚೌಕಿಗೆ ಬಂದು ಬಣ್ಣ ತೆಗೆದರೆ ನಾನು ಗಂಡಸೇ. ನಿಮಗೆ ಅದು ಯಾಕೆ ಆಗುವುದಿಲ್ಲ?’ ಎಂದು ಕೇಳಿದರು. ನಾನು ತಕ್ಷಣ, ‘ನಾನು ಇಪ್ಪತ್ತೆರಡು ವರ್ಷ ಹಾಕಿಕೊಂಡಿದ್ದು ಗಂಡಸಿನ ವೇಷ, ಈಗ ಚೌಕಿಗೆ ಬಂದಿದ್ದೇನೆ’ ಎಂದೆ. ಸಭೆ ಜೋರಾಗಿ ಚಪ್ಪಾಳೆ ತಟ್ಟಿತು. ಅವರು ಕುಳಿತುಕೊಂಡರು. ಊರಿಗೆ ಮರಳುವಾಗ ಆ ಚಪ್ಪಾಳೆಯ ಬಗ್ಗೆ ನನಗೆ ಸಮಾಧಾನವಿರಲಿಲ್ಲ. ಮಾತು ಸುಳ್ಳಲ್ಲ, ಆದರೆ ಮೂವತ್ತು ವರ್ಷ ಹೆಣ್ಣಿನ ನಡೆ ನುಡಿಯನ್ನು ಶ್ರದ್ಧೆಯಿಂದ ಅಭ್ಯಾಸ ಮಾಡಿದ ವ್ಯಕ್ತಿ ತನ್ನ ಅನುಭವವನ್ನು ಮುಂದಿಟ್ಟು ಕೇಳಿದ್ದರು, ಮತ್ತು ನಾನು ಅವರ ಬಾಯಿ ಮುಚ್ಚಿಸಿದ್ದೆ. ಮುಂದೆ ಬೇರೆ ಕಡೆಗಳಲ್ಲಿ ಇದೇ ಪ್ರಶ್ನೆ ಬಂದಾಗ ನಾನು ಮೊದಲು ಅವರನ್ನೇ ಕೇಳುತ್ತಿದ್ದೆ: ದ್ರೌಪದಿಯ ಪಾತ್ರ ಮಾಡುವಾಗ ನೀವು ಅಭಿನಯಿಸುತ್ತಿದ್ದೀರಿ ಎಂಬುದು ನಿಮ್ಮ ಮನಸ್ಸಿಗೆ ಗೊತ್ತಿರುತ್ತದೆಯೇ? ಗೊತ್ತಿರುತ್ತದೆ ಎಂದು ಕಲಾವಿದರೆಲ್ಲರೂ ಹೇಳುತ್ತಿದ್ದರು. ಹುಡುಗರ ಶಾಲೆಯ ಸಾಲಿನಲ್ಲಿ ನಿಂತಾಗ, ಅಪ್ಪನ ಜೊತೆ ಗಂಡಸರ ಪಂಕ್ತಿಯಲ್ಲಿ ಕುಳಿತಾಗ, ಅಂಥದ್ದೇ ತಿಳಿವು ನನ್ನೊಳಗೆ ಇರುತ್ತಿತ್ತು ಎಂದು ಆಗ ಹೇಳಿದರೆ ಚಪ್ಪಾಳೆ ಬೀಳುತ್ತಿರಲಿಲ್ಲ. ಆದರೆ ಎರಡನೆಯ ಪ್ರಶ್ನೆ ಬರುತ್ತಿತ್ತು, ಮೂರನೆಯದೂ ಬರುತ್ತಿತ್ತು.

ಶೌಚಾಲಯದ ವಿಷಯದಲ್ಲಿ ನಾನು ಬಹಳ ಕಾಲ ತಪ್ಪು ಮಾಡಿದೆ. ಮಹಿಳಾ ಸಿಬ್ಬಂದಿ ‘ಅವರು ನಮ್ಮ ಶೌಚಾಲಯಕ್ಕೆ ಬಂದರೆ ನಮಗೆ ಹೆದರಿಕೆಯಾಗುತ್ತದೆ’ ಎಂದಾಗಲೆಲ್ಲ ಅದನ್ನು ದ್ವೇಷವೆಂದೇ ತಿಳಿದು ಕಾನೂನಿನ ಕಲಮುಗಳನ್ನು ಓದಿ ಹೇಳುತ್ತಿದ್ದೆ. ಶಿರಸಿಯ ಒಂದು ಸಂಸ್ಥೆಯಲ್ಲಿ ಮಾತ್ರ, ಯಾವ ಕಾರಣಕ್ಕೋ, ‘ಹೆದರಿಕೆ ಯಾವುದರದು, ಸ್ವಲ್ಪ ಬಿಡಿಸಿ ಹೇಳಿ’ ಎಂದೆ. ಒಬ್ಬರ ಮುಖ ಒಬ್ಬರು ನೋಡಿಕೊಂಡ ಮೇಲೆ ಅವರಲ್ಲಿ ಹಿರಿಯರೊಬ್ಬರು, ತಮ್ಮ ಶೌಚಾಲಯದ ಬಾಗಿಲಿಗೆ ಚಿಲಕವೇ ಇಲ್ಲವೆಂದೂ, ಒಬ್ಬರು ಒಳಗೆ ಹೋದರೆ ಇನ್ನೊಬ್ಬರು ಹೊರಗೆ ಕಾವಲು ನಿಲ್ಲಬೇಕಾಗಿದೆಯೆಂದೂ, ಹೇಳಿ ಹೇಳಿ ಸಾಕಾಗಿದೆಯೆಂದೂ ತಿಳಿಸಿದರು. ಚಹಾ ವಿರಾಮದಲ್ಲಿ ನಾನು ಹೋಗಿ ನೋಡಿದೆ. ಚಿಲಕವಿದ್ದ ಜಾಗದಲ್ಲಿ ನಾಲ್ಕು ಮೊಳೆಯ ತೂತುಗಳಿದ್ದವು. ಬಾಗಿಲನ್ನು ಹಿಡಿದುಕೊಳ್ಳಲು ಒಂದು ಪ್ಲಾಸ್ಟಿಕ್ ಹಗ್ಗ ಕಟ್ಟಿದ್ದರು. ವಿರಾಮದ ನಂತರ ವ್ಯವಸ್ಥಾಪಕರ ಎದುರಿನಲ್ಲೇ, 2020ರ ನಿಯಮಗಳಂತೆ ಪ್ರತಿ ಸಂಸ್ಥೆಯೂ ಸಮಾನ ಅವಕಾಶದ ನೀತಿಯನ್ನು ಪ್ರಕಟಿಸಿ ಅದರಲ್ಲಿ ಎಲ್ಲ ಲಿಂಗದವರೂ ಬಳಸಬಹುದಾದ ಶೌಚಾಲಯದಂಥ ಸೌಕರ್ಯಗಳನ್ನು ಕಾಣಿಸಬೇಕೆಂದೂ, ದೂರು ಕೇಳಲು ಒಬ್ಬ ಅಧಿಕಾರಿಯನ್ನು ಗೊತ್ತುಮಾಡಬೇಕೆಂದೂ ಹೇಳಿ, ಅದಕ್ಕಿಂತ ಮೊದಲು ಇವತ್ತೇ ಒಂದು ಚಿಲಕ ತರಿಸಬೇಕೆಂದು ಕೇಳಿಕೊಂಡೆ. ಸಂಜೆಯೊಳಗೆ ಚಿಲಕ ಬಂತು. ಆ ಸಭೆಯ ಉಳಿದ ಅವಧಿಯಲ್ಲಿ ನನ್ನ ಪರವಾಗಿ ಅತಿ ಹೆಚ್ಚು ಮಾತನಾಡಿದವರು ಆ ಮಹಿಳೆಯರೇ.

ಶಿಕ್ಷಕರ ಸಭೆಗಳಲ್ಲಿ ನಾನು ಎಚ್ಚರ ತಪ್ಪದೆ ಕಾಯುತ್ತಿದ್ದುದು ಒಂದು ಬಗೆಯ ಪ್ರಶ್ನೆಗಾಗಿ. ‘ನಮ್ಮ ಶಾಲೆಯಲ್ಲಿ ಏಳನೆಯ ತರಗತಿಯಲ್ಲಿ ಒಬ್ಬ ಹುಡುಗ ಇದ್ದಾನೆ, ಮೀನು ವ್ಯಾಪಾರದವರ ಮನೆಯವನು’ ಎಂದು ಯಾರಾದರೂ ಆರಂಭಿಸಿದರೆ ಕೈಯೆತ್ತಿ ನಿಲ್ಲಿಸಿಬಿಡುತ್ತಿದ್ದೆ. ಕೇಳುವವರ ಮನಸ್ಸು ಒಳ್ಳೆಯದೇ. ಆದರೆ ಇನ್ನೊಂದು ವಾಕ್ಯ ಮುಂದುವರಿದರೆ ಆ ಮಗು ಯಾರೆಂಬುದು ಸಭೆಯಲ್ಲಿದ್ದ ಅರ್ಧ ಜನರಿಗೆ ತಿಳಿದುಹೋಗುತ್ತದೆ. ಊರು ಚಿಕ್ಕದು, ಮಾತು ಸಂಜೆಯೊಳಗೆ ಮನೆ ಮುಟ್ಟುತ್ತದೆ. ಅಂಥವರೊಡನೆ ಊಟದ ವೇಳೆಯಲ್ಲಿ ಪ್ರತ್ಯೇಕವಾಗಿ ಕುಳಿತು ಮಾತನಾಡುತ್ತಿದ್ದೆ, ಮತ್ತು ಮಗು ತಾನಾಗಿ ಹೇಳದಿರುವಾಗ ಅದರ ಹೆತ್ತವರಿಗೆ ತಿಳಿಸುವ ಅವಸರ ಬೇಡವೆಂದು ಬಹುಮಟ್ಟಿಗೆ ಬೇಡಿಕೊಳ್ಳುತ್ತಿದ್ದೆ. ಕುಮಟಾದಲ್ಲಿ ಹಾಗೆ ಮಾತನಾಡಿದ ಹಿರಿಯ ಮುಖ್ಯಾಧ್ಯಾಪಕರೊಬ್ಬರು ಎದ್ದು ಹೊರಡುವಾಗ ‘ಆಯ್ತು ಅಕ್ಕೋರೇ, ನಾನು ನೋಡಿಕೊಳ್ಳುತ್ತೇನೆ’ ಎಂದರು. ನಮ್ಮ ಕಡೆ ಶಾಲೆಯಲ್ಲಿ ಕಲಿಸುವ ಹೆಂಗಸರನ್ನು ಅಕ್ಕೋರು ಎಂದು ಕರೆಯುವುದು ರೂಢಿ. ಬೆಳಿಗ್ಗೆ ಇದೇ ವ್ಯಕ್ತಿ ನನ್ನನ್ನು ಯಾವ ಪದದಿಂದಲೂ ಕರೆಯದೆ ಕೇವಲ ಕೈಸನ್ನೆಯಿಂದ ಕುರ್ಚಿ ತೋರಿಸಿದ್ದರು.

ಕರೆಯುವ ಪ್ರಶ್ನೆಗೆ ನನ್ನ ಬಳಿ ಸಿದ್ಧ ಉತ್ತರವಿತ್ತು. ಕನ್ನಡ ಈ ವಿಷಯದಲ್ಲಿ ಉದಾರ ಭಾಷೆ. ಅವನು, ಅವಳು ಎಂಬಲ್ಲಿ ತೊಡಕಾದರೆ ‘ಅವರು ಬಂದರು’ ಎಂದರೆ ಗೌರವವೂ ಉಳಿಯುತ್ತದೆ, ತಪ್ಪೂ ಆಗುವುದಿಲ್ಲ. ಎದುರಿಗಿರುವವರನ್ನು ನೀವು, ನೀನು, ಬನ್ನಿ, ಬಾ ಎನ್ನುವಾಗ ಗಂಡು ಹೆಣ್ಣಿನ ಭೇದವೇ ಇಲ್ಲ. ಮಿಕ್ಕದ್ದಕ್ಕೆ, ನಿಮ್ಮನ್ನು ಹೇಗೆ ಕರೆಯಲಿ ಎಂದು ಅವರನ್ನೇ ಕೇಳಿದರಾಯಿತು. ಸಭೆಗಳಲ್ಲಿ ಇದನ್ನು ನಾನು ಸಂತೋಷದಿಂದ ಹೇಳುತ್ತಿದ್ದೆ, ಕೇಳಿದವರ ಮುಖವೂ ಹಗುರಾಗುತ್ತಿತ್ತು.

ಮೈಕಿನ ಮುಂದೆ ಮಾತನಾಡಲು ಹಿಂಜರಿಯುವವರಿಗಾಗಿ 2019ರಿಂದಲೇ ಚೀಟಿಯ ಡಬ್ಬಿಯನ್ನು ಇಡುತ್ತಿದ್ದೆ. ಅದರಲ್ಲಿ ಹೊಲಸು ಮಾತುಗಳೂ ಬರುತ್ತಿದ್ದವು, ಅವನ್ನು ವಿರಾಮದಲ್ಲಿ ತೆಗೆದು ಬೇರೆ ಇಡುತ್ತಿದ್ದೆ. ಆದರೆ ಅತ್ಯಂತ ನಿಜವಾದ ಪ್ರಶ್ನೆಗಳೂ ಅದರಿಂದಲೇ ಬಂದವು. 2022ರ ಜುಲೈನಲ್ಲಿ ಶಿರಸಿಯಲ್ಲಿ, ಸುರಿಯುವ ಮಳೆಯ ಸದ್ದಿಗೆ ಯಾರ ಮಾತೂ ಸರಿಯಾಗಿ ಕೇಳದಿದ್ದ ದಿನ, ಒಂದು ಚೀಟಿಯಲ್ಲಿ ‘ಮಗನನ್ನು ಹೇಗೆ ಕರೆಯಬೇಕು?’ ಎಂದಿತ್ತು. ನಾನು ಅವರು, ನೀವು, ಬನ್ನಿ ಎಂಬ ನನ್ನ ಉತ್ತರವನ್ನು ಪೂರ್ತಿ ಹೇಳಿ ಮುಂದಿನ ಚೀಟಿಗೆ ಹೋದೆ. ಸಂಜೆ ದೇವಿಮನೆ ಘಟ್ಟ ಇಳಿಯುವ ಬಸ್ಸಿನಲ್ಲಿ ಚೀಟಿಗಳನ್ನು ಮತ್ತೆ ನೋಡುತ್ತಿರುವಾಗ ಅದು ಕೈಗೆ ಬಂತು. ಹಿಂಬದಿಯಲ್ಲಿ, ಅದೇ ಅಕ್ಷರದಲ್ಲಿ, ‘ಎರಡು ವರ್ಷದಿಂದ ಮನೆಗೆ ಬಂದಿಲ್ಲ’ ಎಂದು ಬರೆದಿತ್ತು.

ಮರುದಿನವೇ ಆಯೋಜಕರಿಗೆ ಫೋನ್ ಮಾಡಿ, ಆ ಸಭೆಗೆ ಬಂದಿದ್ದ ನಲವತ್ತೂ ಮಂದಿಗೆ ನನ್ನ ನಂಬರನ್ನು ಕಳುಹಿಸಬೇಕೆಂದೂ, ಒಂದು ಚೀಟಿಯನ್ನು ನಾನು ಅರ್ಧವೇ ಓದಿದ್ದೆನೆಂದು ಅದರಲ್ಲಿ ತಿಳಿಸಬೇಕೆಂದೂ ಕೇಳಿಕೊಂಡೆ. ಹನ್ನೆರಡು ದಿನಗಳ ನಂತರ ರಾತ್ರಿ ಒಬ್ಬರು ಕರೆ ಮಾಡಿದರು. ಹೆಸರು ಹೇಳಲಿಲ್ಲ, ನಾನೂ ಕೇಳಲಿಲ್ಲ. ಮಗು ಈಗ ಇಟ್ಟುಕೊಂಡಿರುವ ಹೆಸರು ಅವರಿಗೆ ಗೊತ್ತಿತ್ತು, ‘ಆದರೆ ಅದು ನನ್ನ ಬಾಯಿಗೆ ಬರುವುದಿಲ್ಲ ಅಕ್ಕೋರೇ’ ಎಂದರು. ಸದ್ಯಕ್ಕೆ ಹೆಸರು ಬೇಡ, ‘ಚೌತಿಗೆ ಮನೆಗೆ ಬಾ’ ಎಂದಷ್ಟೇ ಹೇಳಿ ಎಂದೆ. ಅವರು ಆ ಮೂರು ಶಬ್ದಗಳನ್ನು ಫೋನಿನಲ್ಲೇ ಮೆಲ್ಲಗೆ ಎರಡು ಸಲ ಹೇಳಿ ನೋಡಿದರು. ಆಮೇಲೆ, ಬೆಂಗಳೂರಿನಲ್ಲಿ ಕೆಲಸಕ್ಕೆ ಹೋಗುವವರಿಗೆ ಬೆಳಿಗ್ಗೆ ಫೋನ್ ಮಾಡುವುದು ಒಳ್ಳೆಯದೋ ರಾತ್ರಿಯೋ ಎಂದು ಕೇಳಿದರು.