ರಾಜ್ಯೋತ್ಸವದ ಆರ್ಕೆಸ್ಟ್ರಾದಲ್ಲಿ ನೇತ್ರದಾನದ ಕೌಂಟರ್: ಹೀಗೆ ಮಾಡಿ

ನವೆಂಬರ್ ಬಂತೆಂದರೆ ಬೀದಿಬೀದಿಯಲ್ಲಿ ಬಾವುಟ, ಆರ್ಕೆಸ್ಟ್ರಾ, ವೇದಿಕೆ ಮೇಲೆ ಅಪ್ಪು ಫೋಟೊ. 2006ರ ಏಪ್ರಿಲ್‌ನಲ್ಲಿ ರಾಜ್‌ಕುಮಾರ್ ತೀರಿಕೊಂಡಾಗ ಅವರ ಕಣ್ಣು ದಾನವಾಯಿತು. 2021ರ ಅಕ್ಟೋಬರ್ 29ರಂದು ಪುನೀತ್ ಹೋದಾಗಲೂ ಮನೆಯವರು ಅದನ್ನೇ ಮಾಡಿದರು. ಅವರ ಎರಡು ಕಾರ್ನಿಯಾಗಳನ್ನು (ಕಣ್ಣಿನ ಮುಂಭಾಗದ ಪಾರದರ್ಶಕ ಪೊರೆ) ಪದರ ಬಿಡಿಸಿ ನಾಲ್ವರಿಗೆ ಹಾಕಿದರು. ಆಮೇಲೆ ನೇತ್ರದಾನಕ್ಕೆ ಹೆಸರು ಬರೆಸಲು ಜನ ಮುಗಿಬಿದ್ದರು. ಆ ಪ್ರೀತಿ ಇನ್ನೂ ಇದೆ. ಅದನ್ನು ಕೆಲಸಕ್ಕೆ ಹಚ್ಚಲು ರಾಜ್ಯೋತ್ಸವದ ಸಂಜೆಗಿಂತ ಒಳ್ಳೆ ಹೊತ್ತು ಸಿಗುವುದಿಲ್ಲ.

ಆದರೆ ಒಂದು ವಿಷಯ ತಲೆಯಲ್ಲಿರಲಿ. ಅರ್ಜಿ ತುಂಬಿದ ಮಾತ್ರಕ್ಕೆ ಕಣ್ಣು ಸಿಗುವುದಿಲ್ಲ. ಸಾವಾದ ಮೇಲೆ ಫೋನ್ ಮಾಡಬೇಕಾದವರು ಮನೆಯವರು. ಅವರು ಬೇಡ ಎಂದರೆ ದಾನದ ಕಣ್ಣು ಸಂಗ್ರಹಿಸುವ ಐ ಬ್ಯಾಂಕ್‌ನವರು ವಾಪಸ್ ಹೋಗುತ್ತಾರೆ. ಹಾಗಾಗಿ ಕಾರ್ಯಕ್ರಮದ ಪ್ರತಿಯೊಂದು ಏರ್ಪಾಟೂ ಮನೆಯವರಿಗಾಗಿಯೇ ಇರಬೇಕು.

ಮೊದಲು ಹತ್ತಿರದ ಐ ಬ್ಯಾಂಕ್‌ಗೆ ಹೋಗಿ ಮಾತಾಡಿ, ಕನಿಷ್ಠ ಒಂದು ತಿಂಗಳ ಮುಂಚೆ. ನವೆಂಬರ್‌ನಲ್ಲಿ ಅವರಿಗೂ ಹತ್ತು ಕಡೆಯಿಂದ ಕರೆ ಇರುತ್ತದೆ. ಅರ್ಜಿ, ಕಾರ್ಡ್, ವಿವರಿಸಿ ಹೇಳಬಲ್ಲ ಒಬ್ಬ ಸಿಬ್ಬಂದಿ, ಇಷ್ಟು ಕೇಳಿ. ರಾತ್ರಿ ಹೊತ್ತೂ ಎತ್ತುವ ನಂಬರ್ ಯಾವುದು ಅಂತ ಕೇಳಿ, ನೀವೇ ಒಂದು ಸಲ ಫೋನ್ ಮಾಡಿ ನೋಡಿ. ಪೊಲೀಸ್ ಅನುಮತಿ, ತಾತ್ಕಾಲಿಕ ಕರೆಂಟ್ ಕನೆಕ್ಷನ್ ಹೇಗೂ ಮಾಡಿಸುತ್ತೀರಿ. ರಾತ್ರಿ 10ಕ್ಕೆ ಮೈಕ್ ಬಂದ್ ಆಗಬೇಕು, ಅದನ್ನು ಲೆಕ್ಕದಲ್ಲಿಟ್ಟು ಸಮಯ ಹಂಚಿ.

ಕೌಂಟರ್ ಎಲ್ಲಿಡಬೇಕು? ಸ್ಪೀಕರ್ ಪಕ್ಕ ಖಂಡಿತ ಬೇಡ, ಅಲ್ಲಿ ಯಾರ ಮಾತೂ ಕೇಳಿಸಲ್ಲ. ಊಟ ಅಥವಾ ಸಿಹಿ ಹಂಚುವ ಜಾಗದ ಹತ್ತಿರ ಇಡಿ, ಯಾಕೆಂದರೆ ಗಂಡ, ಹೆಂಡತಿ, ಮಕ್ಕಳು, ಅಜ್ಜಿ ಎಲ್ಲರೂ ಒಟ್ಟಿಗೆ ನಿಂತು ಮಾತಾಡುವುದು ಅಲ್ಲೇ. ಒಳ್ಳೆ ಬೆಳಕು, ನಾಲ್ಕು ಕುರ್ಚಿ, ಬರೆಯುವ ಪೆನ್ನು ಇದ್ದರೆ ಸಾಕು.

ವೇದಿಕೆ ಮೇಲೆ ಐದೇ ನಿಮಿಷ ತೆಗೆದುಕೊಳ್ಳಿ. ಭಾಷಣಗಳ ಸಾಲಿಗೆ ಮಾತ್ರ ಸೇರಿಸಬೇಡಿ, ಅಷ್ಟೊತ್ತಿಗೆ ಜನ ಬೇಸತ್ತಿರುತ್ತಾರೆ. ಜನ ಜಾಸ್ತಿ ಇರುವಾಗ, ಎರಡು ಹಾಡುಗಳ ನಡುವೆ ಮಾಡಿ. ಮನೆಯವರ ಕಣ್ಣು ದಾನ ಮಾಡಿದ ಕುಟುಂಬದವರು ಯಾರಾದರೂ ಏರಿಯಾದಲ್ಲಿದ್ದರೆ, ಅವರಿಗೆ ಮನಸ್ಸಿದ್ದರೆ, ಎರಡು ಮಾತು ಆಡಲಿ. ಒತ್ತಾಯ ಬೇಡ.

ಉಳಿದ ಸಮಯದಲ್ಲಿ ಸಾವಾದ ತಕ್ಷಣ ಏನು ಮಾಡಬೇಕು ಎಂದು ಮಾಡಿ ತೋರಿಸಿ. ಒಬ್ಬ ಹುಡುಗನನ್ನು ಬೆಂಚಿನ ಮೇಲೆ ಮಲಗಿಸಿ. ರೆಪ್ಪೆ ಮುಚ್ಚಿ. ಹತ್ತಿಯನ್ನು ನೀರಲ್ಲಿ ಅದ್ದಿ, ಹಿಂಡಿ, ಎರಡೂ ರೆಪ್ಪೆ ಮೇಲೆ ಇಡಿ. ತಲೆ ಕೆಳಗೆ ದಿಂಬು ಕೊಟ್ಟು ಸ್ವಲ್ಪ ಎತ್ತರ ಮಾಡಿ. ಫ್ಯಾನ್ ಆರಿಸಬೇಕು, ಇಲ್ಲದಿದ್ದರೆ ಕಣ್ಣು ಒಣಗುತ್ತದೆ. ಆರು ಗಂಟೆಯೊಳಗೆ ಕಣ್ಣು ತೆಗೆಯಬೇಕು, ಆದ್ದರಿಂದ ಐ ಬ್ಯಾಂಕ್‌ಗೆ ಕೂಡಲೇ ಫೋನ್. ಅವರೇ ಮನೆಗೆ ಬರುತ್ತಾರೆ, ಕೆಲಸ ಅರ್ಧ ಗಂಟೆಯೊಳಗೆ ಮುಗಿಯುತ್ತದೆ. ಭಾಷಣ ಮರೆತುಹೋದರೂ ಈ ಒದ್ದೆ ಹತ್ತಿ ಜನರಿಗೆ ನೆನಪಿರುತ್ತದೆ.

ಕೌಂಟರ್‌ನಲ್ಲಿ ಪ್ರಶ್ನೆಗಳು ಬರುತ್ತವೆ, ಉತ್ತರ ಗೊತ್ತಿರಲಿ. ಕನ್ನಡಕ ಇದ್ದರೆ? ಪರವಾಗಿಲ್ಲ. ಪೊರೆ ಆಪರೇಷನ್ ಆಗಿದ್ದರೆ, ಶುಗರ್, ಬಿಪಿ ಇದ್ದರೆ? ಕೊಡಬಹುದು. ವಯಸ್ಸಾಗಿದ್ದರೆ? ಆಗಲೂ ಕೊಡಬಹುದು. ರೇಬೀಸ್, ಎಚ್‌ಐವಿ, ಹೆಪಟೈಟಿಸ್‌ನಂಥ ಕಾಯಿಲೆ ಇದ್ದವರದ್ದು ಆಗುವುದಿಲ್ಲ. ಮುಖ ವಿಕಾರವಾಗುತ್ತಾ ಅಂತ ಅಜ್ಜಿಯರು ಮೆಲ್ಲಗೆ ಕೇಳುತ್ತಾರೆ, ಎಲ್ಲಕ್ಕಿಂತ ದೊಡ್ಡ ಭಯ ಅದೇ. ಇಲ್ಲ ಅಜ್ಜಿ, ರೆಪ್ಪೆ ಮುಚ್ಚಿದರೆ ಗೊತ್ತೇ ಆಗುವುದಿಲ್ಲ ಎಂದು ಸಮಾಧಾನವಾಗಿ ಹೇಳಿ. ಅವರಿಗೆ ಹೇಳುವಾಗ ಅವಸರ ಮಾಡಲೇಬೇಡಿ.

ಒಬ್ಬರೇ ಬಂದು ಬರೆಸಿದರೆ ಮನೆಯವರಿಗೆ ಅಲ್ಲಿಂದಲೇ ಫೋನ್ ಮಾಡಿಸಿ. ಕಾರ್ಡಿನ ಫೋಟೊ ತೆಗೆದು ಫ್ಯಾಮಿಲಿ ವಾಟ್ಸ್ಆ್ಯಪ್ ಗ್ರೂಪಿಗೆ ಹಾಕಲಿ. ಐ ಬ್ಯಾಂಕ್ ನಂಬರಿನ ಸ್ಟಿಕ್ಕರ್ ಕೊಡಿ, ಫ್ರಿಜ್ ಮೇಲೆ ಅಂಟಿಸಲಿ. ಎಷ್ಟು ಜನ ಬರೆಸಿದರು ಅಂತ ಮೈಕಿನಲ್ಲಿ ಕೂಗುವುದು ನನಗೆ ಇಷ್ಟವಿಲ್ಲ. ಸಂಖ್ಯೆ ಏರಿಸುವ ಹುಮ್ಮಸ್ಸಿನಲ್ಲಿ ಹುಡುಗರು ದಾರಿಹೋಕರಿಂದೆಲ್ಲ ಸಹಿ ಹಾಕಿಸಿಬಿಡುತ್ತಾರೆ.

ಶಾಮಿಯಾನ ಬಿಚ್ಚಿದ ಮೇಲೆ ಇನ್ನೊಂದು ಕೆಲಸವಿದೆ. ಏರಿಯಾದ ಆಂಬುಲೆನ್ಸ್ ಡ್ರೈವರ್, ಫ್ರೀಜರ್ ಬಾಕ್ಸ್ ಬಾಡಿಗೆ ಕೊಡುವವರು, ಕ್ಲಿನಿಕ್ ಡಾಕ್ಟರ್, ಇವರಿಗೆಲ್ಲ ಅದೇ ನಂಬರ್ ಕೊಟ್ಟು ಬನ್ನಿ. ಸಾವಿನ ಮನೆಯಿಂದ ಮೊದಲು ಫೋನ್ ಹೋಗುವುದು ಇವರಿಗೇ. ಮನೆಯವರು ದುಃಖದಲ್ಲಿ ಮರೆತಿದ್ದರೂ, 'ಕಣ್ಣು ಬರೆಸಿದ್ರಾ?' ಅಂತ ಇವರು ಒಂದು ಮಾತು ಕೇಳಬಹುದು.