ಬ್ರಿಟನ್ನಿನಲ್ಲಿ ರೆಸ್ಟೋರೆಂಟ್ ತೆರೆಯುವವರು ವಿಮೆ ಮಾಡಿಸುವ ಮುನ್ನ

ನಮ್ಮಲ್ಲಿ ದೋಸೆ, ಕಾಫಿ ಸಿಗುವ ಜಾಗವೆಲ್ಲ ಹೋಟೆಲೇ. ಬ್ರಿಟನ್ನಿನ ವಿಮಾ ಕಂಪನಿಗಾದರೋ ಹೋಟೆಲ್ ಎಂದರೆ ಜನ ತಂಗುವ ವಸತಿಗೃಹ. ಆದ್ದರಿಂದ ಅರ್ಜಿಯಲ್ಲಿ ರೆಸ್ಟೋರೆಂಟ್, ಟೇಕ್‌ಅವೇ, ಕೇಟರಿಂಗ್ ಇವುಗಳಲ್ಲಿ ನಿಮ್ಮದು ಯಾವುದೆಂದು ಸ್ಪಷ್ಟವಾಗಿ ಬರೆಯಬೇಕು. ಯುಗಾದಿಗೋ ರಾಜ್ಯೋತ್ಸವಕ್ಕೋ ಕನ್ನಡ ಸಂಘದವರು ಹಿಡಿದ ಸಭಾಂಗಣಕ್ಕೆ ಹೋಗಿ ಊಟ ಬಡಿಸುವ ಯೋಚನೆಯಿದ್ದರೆ ಅದನ್ನೂ ಈಗಲೇ ತಿಳಿಸಬೇಕು.

ಇದು ಕೇವಲ ಪದಗಳ ಮಾತಲ್ಲ. 2016ರ ಆಗಸ್ಟ್‌ನಿಂದ ಜಾರಿಯಲ್ಲಿರುವ 2015ರ ವಿಮಾ ಕಾಯ್ದೆಯ ಪ್ರಕಾರ, ವ್ಯಾಪಾರಿಯಾದವನು ತನಗೆ ಗೊತ್ತಿರುವ ಮತ್ತು ಗೊತ್ತಿರಬೇಕಾದ ಮುಖ್ಯ ಸಂಗತಿಗಳನ್ನು ಕಂಪನಿ ಕೇಳದಿದ್ದರೂ ತಾನಾಗಿಯೇ ತಿಳಿಸಬೇಕು. ಬೇಕೆಂದೇ ಮುಚ್ಚಿಟ್ಟಿದ್ದರೆ ಕಂಪನಿ ಪಾಲಿಸಿಯನ್ನೇ ರದ್ದುಮಾಡಿ, ಕಟ್ಟಿದ ಪ್ರೀಮಿಯಂ ಅನ್ನೂ ಉಳಿಸಿಕೊಳ್ಳಬಹುದು. ಅಜಾಗರೂಕತೆಯಿಂದ ಬಿಟ್ಟುಹೋಗಿದ್ದರೂ ಪಾರಾಗುವಂತಿಲ್ಲ: ನಿಜ ತಿಳಿದಿದ್ದರೆ 3,000 ಪೌಂಡ್ ಪ್ರೀಮಿಯಂ ಕೇಳುತ್ತಿದ್ದ ಕಂಪನಿ ನಿಮ್ಮಿಂದ 2,000 ಪೌಂಡ್ ಮಾತ್ರ ಪಡೆದಿದ್ದರೆ, ಪರಿಹಾರವನ್ನು ಮೂರರಲ್ಲಿ ಎರಡು ಪಾಲಿಗೆ ಇಳಿಸಬಹುದು.

ನಮ್ಮ ಅಡುಗೆಮನೆಯ ಮಟ್ಟಿಗೆ ಇದು ಹೆಚ್ಚಾಗಿ ತಗುಲುವುದು ಎಣ್ಣೆಯ ವಿಷಯದಲ್ಲಿ. ವಡೆ, ಬೋಂಡ, ಪೂರಿಗಳನ್ನು ಎಣ್ಣೆಯ ಕಾವನ್ನು ಮಿತಿಯಲ್ಲಿಡುವ ಥರ್ಮೋಸ್ಟ್ಯಾಟ್ ಇರುವ ಫ್ರೈಯರ್‌ನಲ್ಲಿ ಮಾತ್ರ ಕರಿಯಬೇಕು, ಒಲೆಯ ಮೇಲಿನ ಹೊಗೆ ಹೀರುವ ಕೊಳವೆಯನ್ನು ಗೊತ್ತಾದ ಅವಧಿಗೊಮ್ಮೆ ವೃತ್ತಿಪರರಿಂದ ಶುಚಿಗೊಳಿಸಿ ಅದರ ದಾಖಲೆ ಇಡಬೇಕು ಎಂಬಂಥ ಷರತ್ತುಗಳು ಅನೇಕ ಪಾಲಿಸಿಗಳಲ್ಲಿರುತ್ತವೆ. ದೊಡ್ಡ ಬಾಣಲೆಯಲ್ಲೇ ಕರಿಯುವವರು ಅದನ್ನು ಮೊದಲೇ ಹೇಳಿ ಒಪ್ಪಿಗೆಯನ್ನು ಬರಹದಲ್ಲಿ ಪಡೆಯುವುದು ಕ್ಷೇಮ. ಎರಡು ಪಾಲಿಸಿಗಳ ಬೆಲೆಯನ್ನು ಹೋಲಿಸುವುದಕ್ಕಿಂತ ಮೊದಲು ಈ ಷರತ್ತುಗಳ ಪುಟವನ್ನು ಹೋಲಿಸಬೇಕೆಂಬುದು ನನ್ನ ಅಭಿಪ್ರಾಯ. ನಿಮ್ಮಿಂದ ಪಾಲಿಸಲಾಗದ ಷರತ್ತಿರುವ ಅಗ್ಗದ ಪಾಲಿಸಿಯೇ ಎಲ್ಲಕ್ಕಿಂತ ದುಬಾರಿ.

ನೌಕರರಿದ್ದರೆ ಕಾನೂನು ಕಡ್ಡಾಯ ಮಾಡಿರುವ ವಿಮೆ ಒಂದುಂಟು, ಎಂಪ್ಲಾಯರ್ಸ್ ಲಯಬಿಲಿಟಿ. ಕೆಲಸದಿಂದ ನೌಕರರಿಗೆ ಗಾಯವೋ ಕಾಯಿಲೆಯೋ ಆದರೆ ನೀವು ಕೊಡಬೇಕಾದ ಪರಿಹಾರವನ್ನು ಇದು ಭರಿಸುತ್ತದೆ. ಇಂಗ್ಲೆಂಡ್, ವೇಲ್ಸ್, ಸ್ಕಾಟ್ಲೆಂಡ್‌ಗಳಲ್ಲಿ 1969ರ ಕಾಯ್ದೆಯಡಿ ಇದು ಕನಿಷ್ಠ 50 ಲಕ್ಷ ಪೌಂಡ್‌ಗಳದ್ದಾಗಿರಬೇಕು. ಇಲ್ಲದ ಒಂದೊಂದು ದಿನಕ್ಕೂ 2,500 ಪೌಂಡ್‌ವರೆಗೆ ದಂಡ ಬೀಳಬಹುದು. ಹೆಂಡತಿ, ತಮ್ಮಂದಿರಷ್ಟೇ ಕೆಲಸ ಮಾಡುತ್ತಾರೆಂದು ಅನೇಕರು ಇದನ್ನು ಬಿಡುತ್ತಾರೆ. ಹತ್ತಿರದ ಕುಟುಂಬದವರಿಗೆ ವಿನಾಯಿತಿ ಇರುವುದು ನಿಜ, ಆದರೆ ವ್ಯವಹಾರವನ್ನು ಲಿಮಿಟೆಡ್ ಕಂಪನಿಯಾಗಿ ನೋಂದಾಯಿಸಿದ್ದರೆ ಆ ಕುಟುಂಬದ ವಿನಾಯಿತಿ ಸಿಗುವುದಿಲ್ಲ.

ಗಿರಾಕಿಗಳಿಗಾಗುವ ಹಾನಿಗೆ ಪಬ್ಲಿಕ್ ಮತ್ತು ಪ್ರಾಡಕ್ಟ್ ಲಯಬಿಲಿಟಿ ವಿಮೆ ಕಡ್ಡಾಯವಲ್ಲದಿದ್ದರೂ ಅದಿಲ್ಲದೆ ಬಾಗಿಲು ತೆರೆಯಬಾರದು. ಬ್ರಿಟನ್ನಿನ ಕಾನೂನು ಹೆಸರಿಸುವ 14 ಅಲರ್ಜಿಕಾರಕಗಳಲ್ಲಿ ಸಾಸಿವೆ, ಎಳ್ಳು, ಕಡಲೆಕಾಯಿ, ಗೋಡಂಬಿ, ಹಾಲು, ಗೋಧಿ ಎಲ್ಲವೂ ಸೇರಿವೆ; ನಮ್ಮ ಒಂದು ಒಗ್ಗರಣೆಯೇ ಸಾಕು. ಇಂಗಿನ ಪುಡಿಯ ಅನೇಕ ಡಬ್ಬಿಗಳಲ್ಲಿ ಗೋಧಿ ಹಿಟ್ಟು ಬೆರೆತಿರುವುದರಿಂದ, ಅಕ್ಕಿ ಇಡ್ಲಿಯ ಪಕ್ಕದ ಸಾಂಬಾರೂ ಗ್ಲುಟೆನ್ ಒಗ್ಗದವರಿಗೆ ಅಪಾಯಕಾರಿ. ಗಿರಾಕಿ ಕೇಳುವ ಮೊದಲೇ ಪ್ಯಾಕ್ ಮಾಡಿ ಗಲ್ಲಾದ ಬಳಿ ಇಟ್ಟ ಕೋಡುಬಳೆ, ಮೈಸೂರುಪಾಕುಗಳ ಮೇಲೆ ಎಲ್ಲ ಪದಾರ್ಥಗಳ ಪಟ್ಟಿ ಇರಬೇಕೆಂಬ ನಿಯಮ 2021ರ ಅಕ್ಟೋಬರ್ 1ರಿಂದ ಜಾರಿಯಲ್ಲಿದೆ. ವಿಮೆ ಗಿರಾಕಿಗೆ ಕೊಡಬೇಕಾದ ಪರಿಹಾರವನ್ನು ಭರಿಸುತ್ತದೆಯೇ ಹೊರತು ನಿಯಮ ಮುರಿದುದಕ್ಕೆ ಬೀಳುವ ದಂಡವನ್ನಲ್ಲ.

ಬಾಡಿಗೆ ಕಟ್ಟಡಕ್ಕೆ ಸಾಮಾನ್ಯವಾಗಿ ಮಾಲೀಕರೇ ವಿಮೆ ಮಾಡಿಸಿ ನಿಮ್ಮಿಂದ ಹಣ ವಸೂಲು ಮಾಡುತ್ತಾರೆ. ಲೀಸ್ ಓದಿ ಖಚಿತಪಡಿಸಿಕೊಳ್ಳಿ. ಒಳಗಿನ ಗ್ರೈಂಡರ್, ಫ್ರಿಜ್, ನೀವು ಹಾಕಿಸಿದ ಅಲಂಕಾರ ನಿಮ್ಮ ಹೊಣೆ. 80,000 ಪೌಂಡ್ ಬೆಲೆಯ ಸಾಮಾನಿಗೆ 40,000ಕ್ಕೆ ಮಾತ್ರ, ಅಂದರೆ ಅರ್ಧಕ್ಕೆ, ವಿಮೆ ಮಾಡಿಸಿದ್ದರೆ, ಪರಿಹಾರವೂ ಅರ್ಧಕ್ಕಿಳಿದು 20,000ದ ನಷ್ಟಕ್ಕೆ 10,000ವೇ ಕೈಗೆ ಬರಬಹುದು.

ಎಲ್ಲಕ್ಕಿಂತ ಹೆಚ್ಚು ಜನ ಎಡವುವುದು ವ್ಯಾಪಾರ ನಿಂತಾಗ ನೆರವಾಗುವ ಬಿಸಿನೆಸ್ ಇಂಟರಪ್ಷನ್ ವಿಮೆಯಲ್ಲಿ. ಇಲ್ಲಿನ ಗ್ರಾಸ್ ಪ್ರಾಫಿಟ್ ನಿಮ್ಮ ಅಕೌಂಟೆಂಟ್ ಬರೆಯುವ ಗ್ರಾಸ್ ಪ್ರಾಫಿಟ್ ಅಲ್ಲ. ಸಾಮಾನ್ಯವಾಗಿ ಮಾರಾಟದ ಮೊತ್ತದಿಂದ ದಿನಸಿ, ತರಕಾರಿಯಂಥ ಮಾರಾಟದೊಡನೆಯೇ ಏರಿಳಿಯುವ ಖರ್ಚನ್ನಷ್ಟೇ ಕಳೆಯಬೇಕು. ಅಡುಗೆಯವರ ಸಂಬಳವನ್ನೂ ಕಳೆದುಬಿಟ್ಟರೆ ವಿಮೆಯ ಮೊತ್ತ ಕಡಿಮೆಯಾಗಿ ಮೇಲಿನ ಲೆಕ್ಕವೇ ಇಲ್ಲಿಯೂ ಮರುಕಳಿಸುತ್ತದೆ. ಪರಿಹಾರ ಎಷ್ಟು ಕಾಲ ಸಿಗಬೇಕೆಂಬ ಅವಧಿಯನ್ನೂ ಯೋಚಿಸಿ. ಬೆಂಕಿಯ ನಂತರ ಕಟ್ಟಡದ ಅನುಮತಿ, ದುರಸ್ತಿ, ಹಳೆಯ ಗಿರಾಕಿಗಳು ಮರಳುವುದು ಇವೆಲ್ಲಕ್ಕೂ 12 ತಿಂಗಳು ಸಾಲದೇ ಹೋಗಬಹುದು. 24 ತಿಂಗಳು ನನಗೆ ಸರಿಯೆನಿಸುತ್ತದೆ.

ಮನೆಗೆ ಊಟ ತಲುಪಿಸುವ ಹುಡುಗರ ಸ್ಕೂಟರಿಗೆ ಸಾಮಾನ್ಯ ಮೋಟಾರು ವಿಮೆ ಸಾಲದು, ಡೆಲಿವರಿ ಕೆಲಸ ಒಳಗೊಂಡ ವಿಮೆಯೇ ಬೇಕು.

ಬ್ರೋಕರ್ ಮೂಲಕ ಹೋಗುವುದಾದರೆ, ಆತ ನಮ್ಮ ಊರಿನವರೇ ಆದರೂ, ಹಣಕಾಸು ನಿಯಂತ್ರಕ ಸಂಸ್ಥೆಯಾದ ಎಫ್‌ಸಿಎ ನೋಂದಣಿಯಲ್ಲಿ ಹೆಸರಿದೆಯೇ ಎಂದು ನೋಡಿಕೊಳ್ಳಬೇಕು. ಕ್ಲೇಮಿನ ಬಗ್ಗೆ ತಕರಾರಿದ್ದರೆ ಮೊದಲು ಕಂಪನಿಗೇ ದೂರು ಕೊಡಬೇಕು. ಉತ್ತರಿಸಲು ಕಂಪನಿಗೆ ಎಂಟು ವಾರಗಳ ಕಾಲಾವಕಾಶವಿದೆ. ಅಂತಿಮ ಉತ್ತರ ಒಪ್ಪಿಗೆಯಾಗದಿದ್ದರೆ, ಅದು ಬಂದ ಆರು ತಿಂಗಳೊಳಗೆ, ಇಂಥ ತಕರಾರುಗಳನ್ನು ಸ್ವತಂತ್ರವಾಗಿ ತೀರ್ಮಾನಿಸುವ ಫೈನಾನ್ಷಿಯಲ್ ಓಂಬುಡ್ಸ್‌ಮನ್‌ಗೆ ಮನವಿ ಸಲ್ಲಿಸಬಹುದು. ಸಣ್ಣ ರೆಸ್ಟೋರೆಂಟುಗಳು ಹೆಚ್ಚಿನವು ಅದರ ವ್ಯಾಪ್ತಿಗೆ ಬರುತ್ತವೆ, ಮನವಿಗೆ ಶುಲ್ಕವಿಲ್ಲ.