ಒಂದೇ ತಕ್ಕಡಿಯಲ್ಲಿ ಸ್ಟಿಂಟ್ ಮತ್ತು ಡನ್ನಾರ್ಟ್

ಮೆಲ್ಬರ್ನಿನ ಪಶ್ಚಿಮ ಅಂಚಿಗೆ ಮನೆ ಬದಲಿಸಿದ ಮೇಲೆ ನಾನು ಸ್ವಯಂಸೇವಕಿಯಾಗಿ ಎರಡು ಸಮೀಕ್ಷೆಗಳಿಗೆ ಹೋಗತೊಡಗಿದೆ. ಒಂದು, 1897ರಿಂದ ನಗರದ ಕೊಳಚೆ ನೀರನ್ನು ಶುದ್ಧಿಮಾಡುತ್ತ ಬಂದಿರುವ ವೆರಿಬಿ ಘಟಕದ ಹೊಂಡಗಳಲ್ಲೂ ಅದಕ್ಕೆ ತಗುಲಿದ ಕಡಲಂಚಿನ ಕೆಸರಿನಲ್ಲೂ ನಡೆಯುವ ಗೊರವಗಳ, ಅಂದರೆ ಸ್ಟಿಂಟ್‌ನಂಥ ಕೆಸರುಹಕ್ಕಿಗಳ ಎಣಿಕೆ. ಇನ್ನೊಂದು, ಒಳನಾಡಿನ ಹುಲ್ಲುಬಯಲಿನಲ್ಲಿ ದಪ್ಪಬಾಲದ ಡನ್ನಾರ್ಟ್‌ನ ಹುಡುಕಾಟ. ಡನ್ನಾರ್ಟ್ ಇಲಿಯಂತೆ ಕಂಡರೂ ಇಲಿಯಲ್ಲ. ಹೊಟ್ಟೆಚೀಲದಲ್ಲಿ ಮರಿ ಬೆಳೆಸುವ, ಹುಳುಹುಪ್ಪಟೆಗಳನ್ನು ಬೇಟೆಯಾಡಿ ತಿನ್ನುವ ಪ್ರಾಣಿ.

ಎರಡನ್ನೂ ಒಟ್ಟಿಗಿಟ್ಟು ನೋಡುವ ಯೋಚನೆ ಬಂದದ್ದು ತೂಕದಿಂದ. ಮಾರ್ಚ್ ಕೊನೆಯಲ್ಲಿ ಉಂಗುರ ತೊಡಿಸುವ ತಂಡದವರು ಕೆಂಗತ್ತಿನ ಸ್ಟಿಂಟ್ ಒಂದನ್ನು ತೂಗಿದಾಗ 39 ಗ್ರಾಂ ಬಂತು. ಮಾಮೂಲಿ ದಿನಗಳಲ್ಲಿ 30 ಗ್ರಾಂ ಆಸುಪಾಸಿನಲ್ಲಿರುವ ಈ ಹಕ್ಕಿ, ನಮ್ಮೂರ ಕೆರೆಗಳಿಗೆ ಚಳಿಗಾಲದಲ್ಲಿ ಬರುವ ಪುಟ್ಟ ಸ್ಟಿಂಟ್‌ನ ಹತ್ತಿರದ ನೆಂಟ. ಸೈಬೀರಿಯಾದ ಉತ್ತರ ತುದಿಯವರೆಗಿನ ಹಾರಾಟಕ್ಕೆಂದು ಅದು ಮೈತುಂಬ ಕೊಬ್ಬು ತುಂಬಿಕೊಂಡಿತ್ತು. ಡನ್ನಾರ್ಟ್‌ನ ಕೊಬ್ಬು ಕಾಣಲು ತಕ್ಕಡಿ ಬೇಕಿಲ್ಲ. ಉಣ್ಣಲು ಚೆನ್ನಾಗಿ ಸಿಕ್ಕ ಕಾಲದಲ್ಲಿ ಅದರ ಬಾಲ ಬುಡದಲ್ಲಿ ಉಬ್ಬಿ, ತುದಿಯಲ್ಲಿ ಚೂಪಾಗಿ, ಎಳೆ ಗಜ್ಜರಿಯಂತಿರುತ್ತದೆ. ಆದರೂ ತೂಗುತ್ತೇವೆ. ಮೊದಲ ಸಲ ಬಟ್ಟೆಚೀಲದ ತೂಕ ಕಳೆಯದೆ ಬರೆದು, 15 ಗ್ರಾಂ ಪ್ರಾಣಿಯನ್ನು ಪುಸ್ತಕದಲ್ಲಿ ದಢೂತಿಯಾಗಿಸಿದವಳು ನಾನೇ.

ಇಲ್ಲಿ ಚಳಿಗಾಲವಾದ ಜೂನ್ ತಿಂಗಳ ಒಂದು ಬೆಳಗ್ಗೆ, ಡನ್ನಾರ್ಟ್‌ಗಳ ಆಸರೆಗೆಂದು ಬಯಲಿನಲ್ಲಿ ಇಟ್ಟಿದ್ದ ಹೆಂಚನ್ನು ಎತ್ತಿದಾಗ ಡನ್ನಾರ್ಟ್ ಓಡಲಿಲ್ಲ. ಮುಟ್ಟಿದರೆ ತಣ್ಣಗಿತ್ತು, ಉಸಿರು ಬಹಳ ನಿಧಾನ. ಸತ್ತಿದೆಯೆಂದೇ ತಿಳಿದೆ. ಆಹಾರ ಕಡಿಮೆಯಾದ ಚಳಿಯ ದಿನಗಳಲ್ಲಿ ಅದು ಕೆಲವು ಗಂಟೆಗಳ ಕಾಲ ಮೈಬಿಸಿಯನ್ನು 20 ಡಿಗ್ರಿಗಿಂತಲೂ ಕೆಳಗಿಳಿಸಿ ಖರ್ಚು ತಗ್ಗಿಸುತ್ತದೆ, ಬಿಸಿಲಿಗೆ ಮೈಯೊಡ್ಡಿ ಮತ್ತೆ ಕಾವೇರಿಸಿಕೊಳ್ಳುತ್ತದೆ ಎಂದು ಜೊತೆಗಿದ್ದ ಹಿರಿಯರು ವಿವರಿಸಿ, ಹೆಂಚನ್ನು ಮೆಲ್ಲನೆ ಮುಚ್ಚಿಸಿದರು.

ಹಾಗಾಗಿ ಕೊಬ್ಬು ಕೂಡಿಡುವುದು ಹಕ್ಕಿಗೆ ಹೊರಟುಹೋಗಲು, ಡನ್ನಾರ್ಟ್‌ಗೆ ಉಳಿದುಕೊಳ್ಳಲು ಎಂದು ಪುಸ್ತಕದಲ್ಲಿ ಬರೆದುಕೊಂಡೆ. ಅದೇ ವಾರ ಕೆಸರಿನಲ್ಲಿ, ಈ ವಿಕ್ಟೋರಿಯಾ ರಾಜ್ಯದ ಗುರುತಾದ ಕಿತ್ತಳೆ ಪಟ್ಟಿಯನ್ನು ಕಾಲಿಗೆ ತೊಟ್ಟ ಸ್ಟಿಂಟ್ ಒಂದು ಕಂಡಿತು. ಗಾಯವಾಗಿ ಉಳಿದಿರಬೇಕೆಂದುಕೊಂಡೆ, ಅದು ಹಿಂದಿನ ವರ್ಷ ಹುಟ್ಟಿದ ಹಕ್ಕಿಯೆಂದೂ ಅವು ಮೊದಲ ಚಳಿಗಾಲವನ್ನು ಸಾಮಾನ್ಯವಾಗಿ ಇಲ್ಲೇ ಕಳೆಯುತ್ತವೆಂದೂ ತಂಡದವರು ತಿದ್ದಿದರು. ತೂಕದ ಪಕ್ಕದಲ್ಲಿ ವಯಸ್ಸಿಗೂ ಒಂದು ಕಲಂ ಎಳೆದದ್ದು ಅಂದಿನಿಂದ.